ಒಂದೂ ಕೆಂಪು ಚುಕ್ಕಿ ಇರಬಾರದು

ನಮ್ಮ ಕಡೆ ಹಸಿರು ಚುಕ್ಕಿ ಕೆಂಪಾಗಲು ಮಷಿನ್ ಕೆಡಬೇಕಂತೇನೂ ಇಲ್ಲ. ಅದರ ಮಗ್ಗಲಿಗೆ ಮನುಷ್ಯರು ಇದ್ದರೆ ಸಾಕು. ವಾರಕ್ಕೊಂದಾದರೂ ಇಂಥದ್ದು ಆಗುತ್ತಿತ್ತು. ಆಗದ ವಾರ ನನಗೇ ಬ್ಯಾಸರ ಬರುತ್ತಿತ್ತು.

ನಾನು ಹತ್ತನೆಯ ಕ್ಲಾಸಿನ ಗಣಿತಕ್ಕೆ ಮೂರು ಸಲ ಕೂತು ಮೂರೂ ಸಲ ಹಾಗೇ ಎದ್ದು ಬಂದವ. ಹುಮನಾಬಾದಿನ ಒಂದು ಇಂಟರ್ನೆಟ್ ಅಂಗಡಿಯಲ್ಲಿ ನನ್ನ ಕೆಲಸ ಟಿವಿ ನೋಡುವುದು. ಸುಳ್ಳಲ್ಲ, ಅದಕ್ಕೇ ಪಗಾರ. ನಮ್ಮ ಮಾಲಕರು ಸುತ್ತಲಿನ ಊರುಗಳ ಹನ್ನೆರಡು ಮನೆಗಳಲ್ಲಿ ಒಗ್ಗರಣೆ ಡಬ್ಬಿಯಷ್ಟು ಸಣ್ಣ ಕಂಪ್ಯೂಟರ್ ಇಟ್ಟಿದ್ದರು. ಸಾಲಿ ಪಾಠ, ದನದ ಡಾಕ್ಟರ ವಿಡಿಯೊ, ಭಜನೆ, ಎಲ್ಲ ಅದರೊಳಗೆ. ಇವುಗಳಿಗೆ ಮೇಲೊಬ್ಬ ಯಜಮಾನ ಇಲ್ಲ. ತನ್ನ ಹತ್ತಿರ ಇಲ್ಲದ್ದನ್ನು ಒಂದು ಡಬ್ಬಿ ಇನ್ನೊಂದರಿಂದ ಇಸಕೊಳ್ಳುತ್ತದೆ, ಬಾಜೂ ಮನೆಯಿಂದ ಹೆಪ್ಪು ತಂದ ಹಾಗೆ. ಇದಕ್ಕೆ ಪೀರ್-ಟು-ಪೀರ್ ಅಂತಾರೆ. ಗೋಡೆಯ ಟಿವಿಯಲ್ಲಿ ಡ್ಯಾಶ್‌ಬೋರ್ಡ್. ಡಬ್ಬಿಗೊಂದು ಚುಕ್ಕಿ, ನಡೆದಿದ್ದರೆ ಹಸಿರು, ನಿಂತರೆ ಕೆಂಪು. ಎಷ್ಟು ಬಿಸಿಯಾಗಿದೆ, ಎಷ್ಟು ಕೊಟ್ಟಿತು, ಎಷ್ಟು ಇಸಕೊಂಡಿತು ಅಂತ ಪಕ್ಕದಲ್ಲಿ ಗೆರೆಗಳು.

ಒಂದು ದಿನ ಮಾಲಕರು ಕರೆದು ಹೇಳಿದರು: "ಮುಂದಿನ ತಿಂಗಳ ಹೈದರಾಬಾದಿಂದ ಕಂಪನಿ ಸಾಹೇಬ್ರು ನೋಡಾಕ ಬರ್ತಾರ. ಅವತ್ತ ಒಂದ್ ಚುಕ್ಕಿ ಕೆಂಪ ಕಂಡ್ರೂ ನೀ ನಿಮ್ಮೂರ ಕೊಡಂಬಲಕ್ಕ ಹೋಗಿ ನಿಮ್ಮಪ್ಪನ ಆಡು ಕಾಯಿ."

ಸುದ್ದಿ ನಮ್ಮಪ್ಪನಿಗೂ ಮುಟ್ಟಿತು. ಅವ ಅವತ್ತೇ ನನ್ನ ಅಳತೆಗೆ ಒಂದು ಹೊಸ ಕೋಲು ಕಡಿದಿಟ್ಟ.

ರಾಜೇಶ್ವರದ ಉರಿ

ರಾಜೇಶ್ವರದ ಡಬ್ಬಿಗೆ ದಿನಾ ಬೆಳಿಗ್ಗೆ ಏಳಕ್ಕೆ ಜ್ವರ. ಗೆರೆ ಸೊಯ್ಯಂತ ಮೇಲೇರುವುದು, ಎಂಟಕ್ಕೆ ಇಳಿಯುವುದು. ಹೋಗಿ ನೋಡಿದರೆ ಆ ಮನೆಯ ಅಜ್ಜಿ ಡಬ್ಬಿಯನ್ನು ದೇವರ ಜಗಲಿ ಮೇಲೆ ಕೂಡಿಸಿದ್ದಾಳೆ. ಮೂರು ಬೆರಳು ವಿಭೂತಿ, ತಲೆಗೆ ದಾಸವಾಳ, ಮೂಗಿಗೆ ಹತ್ತುವಷ್ಟು ಹತ್ತಿರ ದೀಪ.

"ಆಯಿ, ಇದು ದೇವರಲ್ರಿ, ಕಂಪ್ಯೂಟರ್."

"ಗೊತ್ತದ ತಮ್ಮಾ. ನನ್ನ ಮಗ ಟ್ರ್ಯಾಕ್ಟರಿಗೂ ಪೂಜಾ ಮಾಡ್ತಾನ. ಅದೇನ್ ದೇವರೇನು? ಛೊಲೊ ಓಡ್ತದೋ ಇಲ್ಲೋ?"

"ಇರಲ್ರಿ, ಆದ್ರ ಇದಕ್ಕ ಉರಿ ಆಗಿಬರಂಗಿಲ್ಲ. ತಂಪ ಇರಬೇಕು" ಅಂದು ದೀಪ ದೂರ ಸರಿಸಿ ಬಂದೆ.

ಮರುದಿನ ಏಳಕ್ಕೆ ಜ್ವರ ಇಲ್ಲ. ಖುಷಿಯಿಂದ ಚಹಾ ಕುಡಿಯುತ್ತಿದ್ದೆ. ಏಳೂವರೆಗೆ ಚುಕ್ಕಿಯೇ ಕೆಂಪು. ಫೋನ್ ಹಚ್ಚಿದೆ.

"ಆಯಿ, ಡಬ್ಬಿಗೆ ಏನ್ ಮಾಡಿದ್ರಿ?"

"ನೀನ ಹೇಳಿದೆಲ್ಲಪಾ ತಂಪ ಇರಬೇಕಂತ. ಅಭಿಷೇಕ ಮಾಡೀನಿ."

"ಅಯ್ಯಯ್ಯೋ, ಅದರ ಮ್ಯಾಲ ನೀರ್ ಹಾಕಿದ್ರಾ?"

"ಛೀ, ನೀರ್ ಯಾಕ ಹಾಕ್ಲಿ? ನಾವೇನ್ ಅಷ್ಟ್ ಬಡವ್ರಲ್ಲ. ಎಮ್ಮಿ ಹಾಲು!"

ಮಾತು ಬಿಟ್ಟ ಅಣ್ಣತಮ್ಮಂದಿರು

ಬಸವಕಲ್ಯಾಣದಲ್ಲಿ ಇಬ್ಬರು ಅಣ್ಣತಮ್ಮಂದಿರು. ಮನೆ ನಡುವೆ ಗೋಡೆ ಎಬ್ಬಿಸಿ ಆರು ವರ್ಷದಿಂದ ಮಾತು ಬಿಟ್ಟವರು. ಒಬ್ಬ ಡಬ್ಬಿ ಇಟ್ಟುಕೊಂಡ ಅಂತ ಇನ್ನೊಬ್ಬನೂ ಇಟ್ಟುಕೊಂಡಿದ್ದ. ಒಂದು ದಿನ ಅಣ್ಣ ಹುಮನಾಬಾದಿಗೆ ಬಂದವ ನಮ್ಮ ಅಂಗಡಿಗೂ ಹೊಕ್ಕ. ಟಿವಿಯಲ್ಲಿ ಎರಡು ಚುಕ್ಕಿಗಳ ನಡುವೆ ದಪ್ಪ ಗೆರೆ ಕಂಡಿತು.

"ಈ ಗೆರಿ ಏನ್ ತಮ್ಮಾ?"

"ನಿಮ್ಮ ಡಬ್ಬಿ, ನಿಮ್ಮ ತಮ್ಮನ ಡಬ್ಬಿ ಮಾತಾಡಾಕತ್ತಾವ್ರಿ ಕಾಕಾ."

"ಮಾತಾಡಾಕತ್ತಾವ? ನನ್ನ ಮನ್ಯಾಗ ಕುಂತು? ನನಗ ಕೇಳಲಾರದ?"

ಊರಿಗೆ ಹೋದವನೇ ವೈರು ಕಿತ್ತ. ಚುಕ್ಕಿ ಕೆಂಪು. ನನ್ನ ಕಣ್ಣ ಮುಂದೆ ಅಪ್ಪ ಕಡಿದ ಕೋಲು ಬಂತು. ಫೋನ್ ಮಾಡಿದೆ.

"ಕಾಕಾ, ಒಂದ್ ಮಾತ್ ಹೇಳಾದ ಮರತೆ. ನಿಮ್ಮದು ಕೊಡಾಕತ್ತಿತ್ತು. ಅವರದು ಇಸಕೊಳ್ಳಾಕತ್ತಿತ್ತು."

"ಅಂದ್ರ, ಅಂವ ನನ್ನ ಮುಂದ ಕೈ ಚಾಚ್ಯಾನ?"

"ದಿನಾ ಚಾಚ್ತಾರ್ರಿ."

ಎರಡೇ ನಿಮಿಷಕ್ಕೆ ಚುಕ್ಕಿ ಹಸಿರು. ತಮ್ಮನಿಗೂ ಫೋನ್ ಮಾಡಿ ಇದೇ ಮಾತನ್ನು ತಿರುವಿ ಹಾಕಿ ಹೇಳಿಟ್ಟೆ. ಡಬ್ಬಿಗಳು ಖರೇನೇ ಎರಡೂ ಕೊಡುತ್ತವೆ, ಎರಡೂ ಇಸಕೊಳ್ಳುತ್ತವೆ. ನಾನು ಅವರವರಿಗೆ ಬೇಕಾದ ಅರ್ಧ ಹೇಳಿದೆ ಅಷ್ಟೆ. ಆಮೇಲೆ ದಿನಾ ಸಂಜೆ ಇಬ್ಬರದೂ ಫೋನ್: "ಇವತ್ತೆಷ್ಟು ಇಸಕೊಂಡ?" ನಾನು ಬಾಯಿಗೆ ಬಂದಷ್ಟು ಹೇಳುತ್ತಿದ್ದೆ.

ಒಂದು ಸಂಜೆ ಅಣ್ಣನ ದನಿ ಮೆತ್ತಗಾಗಿತ್ತು. "ತಮ್ಮಾ, ನನ್ನ ಕಡಿಂದ ಇನ್ನೊಂದೀಟ್ ಜಾಸ್ತಿ ಬಿಡು. ಪಾಪ, ಅಂವ ಮನ್ಯಾಗ ಏನೂ ಇಟ್ಟಂಗ ಕಾಣಲ್ಲ."

ಬೇಮಳಖೇಡದ ಇಪ್ಪತ್ತೊಂದು ದಿನ

ಬೇಮಳಖೇಡದ ಡಬ್ಬಿ ಹಗಲು ರಾತ್ರಿ ಒಂದೇ ಸಮ ಬಿಸಿ. ಬಸ್ಸು ಹತ್ತಿ ಹೋದೆ. ಡಬ್ಬಿ ಕಾಣಲೇ ಇಲ್ಲ, ಕೋಳಿ ಕಂಡಿತು. ಡಬ್ಬಿಯನ್ನು ಹುಲ್ಲಿನ ಬುಟ್ಟಿಯೊಳಗೆ ಇಟ್ಟು, ಅದರ ಮೇಲೆ ಗೋಣಿ ಹಾಸಿ, ಗೋಣಿ ಮೇಲೆ ಮೊಟ್ಟೆ, ಮೊಟ್ಟೆ ಮೇಲೆ ಕೋಳಿ. ಕೈ ಹಾಕಿದೆ. ಕೋಳಿ ಕುಕ್ಕಿತು, ಆಮೇಲೆ ಮನೆಯಾಕೆ ಬೈದಳು. ಹೊರಗೆ ನಿಂತು ಮಾಲಕರಿಗೆ ಫೋನ್ ಮಾಡಿದೆ.

"ಇಪ್ಪತ್ತೊಂದ್ ದಿನ ಮುಟ್ಟಂಗಿಲ್ಲಂತ್ರಿ."

"ಯಾಕ? ವೈರಸ್ ಬಡದದೇನು?"

"ಇಲ್ರಿ. ಬಾಣಂತನ."

ಮಾಲಕರು ದನಿ ತಗ್ಗಿಸಿ ಕೇಳಿದರು, "ಯಾರದೋ?"

ಸಾಹೇಬರು ಬಂದ ದಿನ

ಅವತ್ತು ಬೆಳಿಗ್ಗೆ ಟಿವಿ ಹಚ್ಚಿದರೆ ಹನ್ನೆರಡರಲ್ಲಿ ಐದು ಕೆಂಪು. ಹಳ್ಳಿಗಳಲ್ಲಿ ಕರೆಂಟಿನ ಲೈನ್ ರಿಪೇರಿಯಂತೆ. ಹೊರಗೆ ಸಾಹೇಬರ ಕಾರು ನಿಂತ ಸಪ್ಪಳ.

ಹಿಂದಿನ ವಾರ ರಾಜೇಶ್ವರಕ್ಕೆ ಬೇರೆ ಡಬ್ಬಿ ಹೋಗಿ ಹನ್ನೆರಡೂ ಹಸಿರಾದಾಗ ಫೋನಿನಲ್ಲಿ ಸ್ಕ್ರೀನ್‌ಶಾಟ್ ಹೊಡೆದುಕೊಂಡಿದ್ದೆ. ಫೋನನ್ನು ಟಿವಿಗೆ ಜೋಡಿಸಿ ಆ ಫೋಟೊ ಬಿಟ್ಟು ಕೈಕಟ್ಟಿ ನಿಂತೆ.

ಸಾಹೇಬರು ಒಳಗೆ ಬಂದು ನೋಡಿದರು. "ವಾಹ್! ಪೂರಾ ಹಸಿರು!" ಮಾಲಕರು ನನ್ನ ಬೆನ್ನು ಚಪ್ಪರಿಸಿದರು. ಹುಟ್ಟಿದಾಗಿನಿಂದ ಆ ಬೆನ್ನಿಗೆ ಬಡಿತ ಬಿಟ್ಟು ಬೇರೆ ಬಿದ್ದದ್ದು ಅದೇ ಮೊದಲು.

ಅಷ್ಟರಲ್ಲಿ ಫ್ಯಾನು ನಿಂತಿತು. ಟಿವಿ ಮಾತ್ರ ಇನ್ವರ್ಟರ್ ಮೇಲೆ ನಡೆದಿತ್ತು. ಮಾಲಕರು ಯಾರಿಗೋ ಫೋನ್ ಮಾಡಿ ಕೇಳಿ, "ಸುತ್ತಲಿನ ಒಂದ್ ಊರಾಗೂ ಕರೆಂಟ್ ಇಲ್ಲಂತ್ರಿ" ಅಂದರು. ಸಾಹೇಬರು ಟಿವಿ ಕಡೆ ತಿರುಗಿದರು. ಹನ್ನೆರಡೂ ಹಸಿರು.

"ಕರೆಂಟ್ ಇಲ್ಲದನ ನಡದಾವ?"

ನಾನು ಫೋನಿನ ವೈರು ಮರೆಯಾಗುವಂತೆ ಸರಿದು ನಿಂತೆ. ಮಾಲಕರಿಗೆ ಏನೂ ಗೊತ್ತಿರಲಿಲ್ಲ; ಆದರೂ ಎದೆ ಉಬ್ಬಿಸಿದರು. "ನಮ್ಮ ಮೆಂಟೆನನ್ಸ್ ಹಂಗ ಅದ ಸರ್."

"ನಮ್ಮ ಹೈದರಾಬಾದಿನಾಗೂ ಹಿಂಗ ಇಲ್ಲ ನೋಡ್ರಿ!" ಸಾಹೇಬರು ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಹ್ಯಾಂಗ ಮಾಡೀರಿ, ಹೇಳ್ರಿ, ಬರಕೋತೀನಿ" ಅಂದರು.

ಆಗ ಫೋನಿನ ಸ್ಲೈಡ್‌ಶೋ ತನ್ನಷ್ಟಕ್ಕೆ ತಾನೇ ಮುಂದಿನ ಫೋಟೊಗೆ ಸರಿಯಿತು.

ಗೋಡೆ ತುಂಬ ನಾನು. ಮಾಲಕರ ಕುರ್ಚಿಯಲ್ಲಿ, ಮಾಲಕರ ಟೋಪಿ, ಮಾಲಕರ ಚಸ್ಮಾ, ಮಾಲಕರ ಥರಾನೇ ಹತ್ತಿಯ ಬಿಳಿ ಮೀಸೆ. ಎರಡೂ ಕಾಲು ಮಾಲಕರ ಟೇಬಲ್ ಮೇಲೆ, ನಾಲಿಗೆ ಹೊರಗೆ.

ಸಾಹೇಬರು ಪೆನ್ನು ಹಿಡಿದೇ ಇದ್ದರು.

"ಇದು ಯಾವ ಊರಿನ ಡಬ್ಬಿರಿ?"

ಮಾಲಕರು ಟಿವಿಯಿಂದ ಕಣ್ಣು ತೆಗೆಯದೆ, ಸಾವಕಾಶ ಹೇಳಿದರು:

"ಕೊಡಂಬಲದ್ದು ಸರ್. ನಾಳಿಂದ ಬಂದ್."

ಸಾಹೇಬರು ಅದನ್ನೂ ಬರೆದುಕೊಂಡರು.