ತೆರೆಯಲೊಲ್ಲದ ಫೋಲ್ಡರ್

ಕೆಲವರಿಗೆ ಎಲೆ-ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ತಾರೀಖು ಹಾಕಿ ಬರೆದಿಡುವ ಚಟ. ಗ್ಯಾಸ್ ಸಿಲಿಂಡರ್ ಬಂದ ದಿನ, ನಳಕ್ಕೆ ನೀರು ಬಾರದ ದಿನ, ಅಪ್ಪ "ನಾಳಿಯಿಂದ ವಾಕಿಂಗ್ ಹೊಂಟೆ" ಎಂದು ಘೋಷಿಸಿದ ದಿನ, ಎಲ್ಲವೂ ನನ್ನ ಡೈರಿಯಲ್ಲಿವೆ. ಅಪ್ಪ ನಿಜವಾಗಿಯೂ ವಾಕಿಂಗ್ ಹೋದ ದಿನಗಳಿಗೂ ಒಂದು ಪುಟ ಮೀಸಲಿಟ್ಟಿದ್ದೇನೆ. ಆ ಪುಟ ಇನ್ನೂ ಹೊಸದಾಗಿಯೇ ಇದೆ. ಇಂಥ ಶಿಸ್ತಿನ ಮನುಷ್ಯನೊಬ್ಬ ಇದ್ದರೆ ಮನೆಯವರೆಲ್ಲ ನೆಮ್ಮದಿಯಿಂದ ಇರುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ಮನೆಯವರನ್ನು ಕೇಳಿರಲಿಲ್ಲ, ಅಷ್ಟೆ.

ಕಂಪ್ಯೂಟರ್ ಮನೆಗೆ ಬಂದ ಮೇಲೆ ನನ್ನ ಶಿಸ್ತಿಗೆ ರೆಕ್ಕೆ ಬಂದವು. ಮನೆಯ ಫೋಟೊ, ಕಾಗದಪತ್ರ, ಕರೆಂಟು ಬಿಲ್ಲು ಎಲ್ಲವನ್ನೂ ವಿಂಗಡಿಸಿ ಫೋಲ್ಡರ್ ಮಾಡಿದೆ. ಹೊರಗಿನದು ವರ್ಷದ್ದು, ಅದರೊಳಗೆ ತಿಂಗಳು, ಅದರೊಳಗೆ ವಾರ, ಅದರೊಳಗೆ ತಾರೀಖು, ಅದರೊಳಗೆ ವ್ಯಕ್ತಿ, ಅದರೊಳಗೆ ವಿಷಯ, ಎಲ್ಲಕ್ಕೂ ಒಳಗೆ 'ಅಂತಿಮ' ಎಂಬ ಇನ್ನೊಂದು. ತಂಗಿ ಭಾಗ್ಯ ಒಮ್ಮೆ ತನ್ನದೇ ಫೋಟೊ ಹುಡುಕಲು ಕೂತು, "ಅಣ್ಣಾ, ರಾಕ್ಷಸನ ಜೀವ ಇಟ್ಟೀ ಏನು ಒಳಗ? ಏಳು ಸಮುದ್ರ ದಾಟಿದ್ರೂ ಗಿಳಿ ಸಿಗವಲ್ದು" ಎಂದಳು. ಶಿಸ್ತು ಇಲ್ಲದವರ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಚೆಗೆ ಈ ಫೋಲ್ಡರುಗಳು ತೆರೆಯಲು ಸತಾಯಿಸತೊಡಗಿದವು. ಮೌಸ್ ಒತ್ತಿದರೆ ಮೇಲ್ಗಡೆ ಹಸಿರು ಗೆರೆಯೊಂದು ಹೊರಡುತ್ತದೆ. ಅರ್ಧ ದಾರಿಯವರೆಗೆ ಉತ್ಸಾಹದಿಂದ ಬಂದು, ಆಮೇಲೆ ಏನೋ ಮರೆತವರ ಹಾಗೆ ನಿಂತುಬಿಡುತ್ತದೆ. ನಾನು ಮೊದಲ ಫೋಲ್ಡರ್ ಒತ್ತುವುದನ್ನು ನೋಡಿ ಅವ್ವ ಒಲೆಯ ಮೇಲೆ ಚಹಾ ಇಡುವ ರೂಢಿ ಮಾಡಿಕೊಂಡಳು. "ಚಹಾ ಕುದ್ದು ಆರಾಕತ್ತದ. ನಿಂದಿನ್ನಾ ಕುದೀವಲ್ದೇನೋ ಮಲ್ಲೂ?" ಎಂದು ಅಡುಗೆಮನೆಯಿಂದ ಕೇಳುತ್ತಿದ್ದಳು.

ನಮ್ಮ ಕಲಬುರಗಿಯ ಜನರದು ಒಂದು ದೊಡ್ಡ ಗುಣ. ಯಾರಿಗಾದರೂ ಜ್ವರ ಬಂದಿದೆ ಎಂದು ತಿಳಿದರೆ, ನೋಡಲು ಬಂದವರು ಒಂದು ಔಷಧ ಹೇಳದೆ ಹೋಗುವುದಿಲ್ಲ. ಕಂಪ್ಯೂಟರಿಗೂ ಆ ಭಾಗ್ಯ ಒದಗಿತು. ಎದುರು ಮನೆಯ ಕಾಕಾ ಬಾಗಿಲಲ್ಲೇ ನಿಂತು, "ವೈರಸ್ಸೇ ಅದ. ನಮ್ಮ ಅಳಿಯನ ಆಫೀಸಿನ್ಯಾಗೂ ಹಿಂಗೇ ಆಗಿತ್ತು" ಎಂದರು. ಅಳಿಯನ ಆಫೀಸಿನಲ್ಲಿ ಕೆಟ್ಟದ್ದು ಪ್ರಿಂಟರ್ ಎಂದು ಆಮೇಲೆ ತಿಳಿಯಿತು. ಅಪ್ಪ ದೋಷವನ್ನು ಬಿಸಿಲಿನ ಮೇಲೆ ಹಾಕಿದ. "ಈ ಊರಾಗ ಏಪ್ರಿಲ್‌ಕ ಮನ್ಷ್ಯಾರೇ ಕೆಲಸ ಮಾಡಂಗಿಲ್ಲ, ಅದು ಯಾಕ ಮಾಡ್ತದ?" ಎಂದು ಹೇಳಿ, ಮಾತಿಗೆ ಸಾಕ್ಷಿಯಾಗಿ ಫ್ಯಾನಿನ ಕೆಳಗೆ ಹೋಗಿ ಮಲಗಿದ. ನಾನು ಟೇಬಲ್ ಫ್ಯಾನ್ ತಂದು ಕಂಪ್ಯೂಟರಿನ ಮುಂದಿಟ್ಟೆ. ಅದಕ್ಕೆ ಗಾಳಿ, ನನಗೆ ಬೆವರು. ಕೊನೆಗೆ ಜಗತ್ ಸರ್ಕಲ್ ಹತ್ತಿರದ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಪ್ಲಗ್ ಕೂಡ ಹಾಕಲಿಲ್ಲ. ಪೆಟ್ಟಿಗೆಯ ಮೇಲೆ ಎರಡು ಸಲ ಬಡಿದು, "ಬುಢಾ ಹೋಗಯಾ ಸಾಬ್. ಮುಪ್ಪಿಗಿ ಏನ್ ದವಾ ಮಾಡ್ತೀರಿ? ಹೊಸಾದು ತೋರಸ್ಲೇನು?" ಎಂದ. ಕಲ್ಲಂಗಡಿ ಹಣ್ಣು ಆರಿಸುವವರೂ ಇದಕ್ಕಿಂತ ಹೆಚ್ಚು ಹೊತ್ತು ಬಡಿದು ನೋಡುತ್ತಾರೆ. ನಾನು ಮತ್ತೆ ಹೊತ್ತುಕೊಂಡು ಬಂದೆ.

ಯಾರ್ಯಾರು ಯಾವ ರೋಗ ಹೇಳಿದರೆಂದು ಡೈರಿಯಲ್ಲಿ ಗೀಟು ಹಾಕಿ ಎಣಿಸಿದೆ. ವೈರಸ್‌ಗೆ ಐದು ಮತ, ಮೆಮೊರಿ ಸಾಲದೆಂದು ಮೂರು, ಬಿಸಿಲಿಗೆ ಎರಡು, ಮುಪ್ಪಿಗೆ ಒಂದು, ದೃಷ್ಟಿಗೆ ಒಂದು. ಕೊನೆಯದು ಅವ್ವನದು, ಅವಳು ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ತನ್ನ ಚಿಕಿತ್ಸೆ ಮುಗಿಸಿಯೂ ಬಿಟ್ಟಿದ್ದಳು. ಬಹುಮತ ವೈರಸ್‌ಗೇ ಇತ್ತು. ಆದರೆ ಎರಡು ಸಲ ಜಾಲಾಡಿದರೂ ಒಂದು ವೈರಸ್ಸೂ ಸಿಗಲಿಲ್ಲ. ಬಹುಮತದಿಂದ ಆರಿಸಿ ಬಂದವರು ಆಮೇಲೆ ಕಣ್ಣಿಗೆ ಬೀಳದಿರುವುದು ನಮ್ಮ ಕಡೆ ಹೊಸದೇನಲ್ಲವಾದ್ದರಿಂದ ನಾನು ಬೇಸರ ಮಾಡಿಕೊಳ್ಳಲಿಲ್ಲ.

ಇಲ್ಲಿ ನಮ್ಮ ಸೋದರಮಾವನ ವಿಷಯ ಸ್ವಲ್ಪ ಹೇಳಬೇಕು. ಮಾಮಾ ಅವ್ವನ ಅಣ್ಣ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ, ಮಾರುತ್ತಾನೆ. ಅವನು ಬರುವ ತನಕ ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವೂ ಆರಂಭವಾಗುವಂತಿಲ್ಲ. ಅವನೋ, "ಈಗ ಬಸ್ ಹತ್ತಿದೆ" ಎಂದು ಬಾಳೆತೋಟದಲ್ಲಿ ನಿಂತು ಹೇಳುವ ಮನುಷ್ಯ. ಮಗುವಿನ ಜಾವಳ ತೆಗೆಸುವಾಗ ಮೊದಲ ಕೂದಲಿಗೆ ಕತ್ತರಿ ಹಾಕುವುದು ಸೋದರಮಾವನ ಹಕ್ಕು. ನನ್ನ ಜಾವಳದ ದಿನ ನಾನು ಅತ್ತು, ಮಲಗಿ, ಎದ್ದು ಮತ್ತೊಮ್ಮೆ ಅತ್ತರೂ ಮಾಮಾ ಬರಲಿಲ್ಲವಂತೆ. ಸುಮ್ಮನೆ ಕೂರಲಾರದೆ ಕ್ಷೌರಿಕ ಅಪ್ಪನ ಗಡ್ಡ ಹೆರೆದ, ಊಟಕ್ಕೆ ಬಂದಿದ್ದ ಬೀಗರ ಗಡ್ಡ ಹೆರೆದ, ಬೇಡವೆಂದವರ ಗಡ್ಡವನ್ನೂ ಹೆರೆದ. ಇಳಿಹೊತ್ತಿಗೆ ಬಂದ ಮಾಮಾ ಗೊನೆ ಇಳಿಸುತ್ತ, "ಚಲೋ ಹಣ್ಣಾಗ್ಲೆಂತ ಕಾಯಾಕತ್ತಿದ್ದೆ" ಎಂದನಂತೆ. ಯಾರೂ ಒಂದು ಮಾತು ಆಡಲಿಲ್ಲ. ಹಣ್ಣು ಚೆನ್ನಾಗಿತ್ತು.

ಈ ಮಾಮಾ ವ್ಯಾಪಾರದ ಲೆಕ್ಕಕ್ಕೆಂದು ಒಂದು ಲ್ಯಾಪ್‌ಟಾಪ್ ಕೊಂಡು, ನಮಗೆ ತೋರಿಸಲು ತಂದು ಎರಡು ದಿನ ಇದ್ದು ಹೋಗಿದ್ದ. ಅದರಲ್ಲಿದ್ದ ಮನೆತನದ ಫೋಟೊಗಳನ್ನು ಇಳಿಸಿಕೊಳ್ಳಲು ನಾನು ಆ ಲ್ಯಾಪ್‌ಟಾಪನ್ನೂ ನಮ್ಮ ಕಂಪ್ಯೂಟರನ್ನೂ ಮನೆಯ ವೈಫೈ ಮೂಲಕ ಜೋಡಿಸಿದ್ದೆ. ಪರದೆಯ ಎಡಗಡೆ, ಅದಕ್ಕೆ ನಾನಿಟ್ಟ 'ಕಮಲಾಪುರ' ಎಂಬ ಹೆಸರು ಮೂಡಿತು. "ನನ್ನ ತವರುಮನಿ ನಿನ್ನ ಪೆಟಿಗ್ಯಾಗ ಬಂತೇನೋ!" ಎಂದು ಅವ್ವ ಕನ್ನಡಕ ಹಾಕಿಕೊಂಡು ನೋಡಿದ್ದಳು.

ಇನ್ನು ಅಸಲು ಸಂಗತಿ. ಭಾಗ್ಯ ಬಿ.ಎಡ್. ಮುಗಿಸಿದವಳು. ಸರ್ಕಾರಿ ಶಿಕ್ಷಕಿಯ ಹುದ್ದೆಗೆ ಅರ್ಜಿ ಕರೆದಿದ್ದರು. "ನೆಟ್ ಸೆಂಟರ್ ಯಾಕ? ಅಂಕಪಟ್ಟಿ, ಮೀಸಲಾತಿಯ ಮುನ್ನೂರಾ ಎಪ್ಪತ್ತೊಂದು ಜೆ ಸರ್ಟಿಫಿಕೇಟ್, ಎಲ್ಲಾ ಅಳತಿ ಪ್ರಕಾರ ಸ್ಕ್ಯಾನ್ ಮಾಡಿ ಇಟ್ಟೀನಿ. ಫೋಲ್ಡರ್ ರಿಪೇರಿ ಆಗ್ಲಿ, ಮನೀನ್ಯಾಗೇ ಹಾಕೋಣು" ಎಂದು ನಾನೇ ಅವಳನ್ನು ತಡೆದಿದ್ದೆ. ತಡೆಯುತ್ತ ತಡೆಯುತ್ತ ಕೊನೆಯ ದಿನ ಬಂತು. ಸಂಜೆ ಅರ್ಜಿಯ ಬಾಗಿಲು ಮುಚ್ಚುತ್ತದೆ. ಆಗಲೂ ಫೋಲ್ಡರ್ ಹಾಗೆಯೇ ಇತ್ತು.

ಮಧ್ಯಾಹ್ನ ಇಬ್ಬರೂ ಕೂತೆವು. ಅರ್ಜಿ ತುಂಬುವುದು ಸಲೀಸಾಗಿ ನಡೆಯಿತು. ಪ್ರಮಾಣಪತ್ರ ಏರಿಸುವ ಜಾಗ ಬಂತು. ಒಂದನೆಯ ಫೋಲ್ಡರ್ ಒತ್ತಿದೆವು, ಕಾದೆವು. ಎರಡನೆಯದು, ಕಾದೆವು. ನಾಲ್ಕನೆಯದರ ಹೊತ್ತಿಗೆ ಆ ಕಡೆಯ ಸೈಟಿಗೆ ತಾಳ್ಮೆ ಮುಗಿದು ನಮ್ಮನ್ನು ಹೊರಗೆ ಹಾಕಿತು. ಮತ್ತೆ ಪಾಸ್‌ವರ್ಡ್, ಮತ್ತೆ ಒಂದನೆಯ ಫೋಲ್ಡರ್. ಈ ಸಲ ಐದನೆಯ ಬಾಗಿಲಲ್ಲಿ ಹೊರಬಿದ್ದೆವು. "ನೋಡು, ಪ್ರಗತಿ ಅದ" ಎಂದೆ. ಭಾಗ್ಯ ನಗಲಿಲ್ಲ.

"ಅಣ್ಣಾ, ಎರಡು ವರ್ಷ ಕೂತು ಓದೀನಿ. ಪರೀಕ್ಷಾದಾಗ ಫೇಲ್ ಆದ್ರ ನನ್ನ ಹಣೇಬರಹ ಅಂತೀನಿ. ನಿನ್ನ ಫೋಲ್ಡರ್‌ನ್ಯಾಗ ಫೇಲ್ ಆಗಬೇಕೇನು ನಾ?"

ನೆಟ್ ಸೆಂಟರಿಗೆ ಫೋನ್ ಮಾಡಿದರೆ ಅಲ್ಲಿ ಮೆಟ್ಟಿಲ ತನಕ ಸಾಲು ನಿಂತಿದೆ ಎಂದರು. ಭಾಗ್ಯ ಕಣ್ಣು ಒರೆಸಿಕೊಂಡು ಪರದೆಯನ್ನೇ ದಿಟ್ಟಿಸುತ್ತಿದ್ದವಳು, "ಇದೇನು, ಕಮಲಾಪುರದ ಮ್ಯಾಲ ಕೆಂಪು ಗುರ್ತು ಯಾಕ ಬಿದ್ದದ?" ಎಂದಳು.

ನನ್ನ ತಲೆಯಲ್ಲಿ ಆಗ ಬೆಳಕಾಯಿತು. ಜೋಡಿಸಿದ್ದನ್ನು ನಾನು ಬಿಚ್ಚಿರಲೇ ಇಲ್ಲ. ಲ್ಯಾಪ್‌ಟಾಪ್ ಮಾಮಾನ ಜೊತೆ ಎಂದೋ ಊರಿಗೆ ಹೋಗಿತ್ತು. ಇಲ್ಲಿ ನಮ್ಮ ಕಂಪ್ಯೂಟರ್ ಪ್ರತಿ ಫೋಲ್ಡರ್ ತೆರೆಯುವ ಮುಂಚೆ 'ಕಮಲಾಪುರದವರು ಬಂದರೇ?' ಎಂದು ಕೂಗಿ, ಉತ್ತರಕ್ಕಾಗಿ ಕಾದು, ನಿರಾಸೆಗೊಂಡು, ಆಮೇಲೆ ಒಲ್ಲದ ಮನಸ್ಸಿನಿಂದ ಬಾಗಿಲು ತೆಗೆಯುತ್ತಿತ್ತು. ಮುಂದಿನ ಫೋಲ್ಡರಿಗೆ ಮತ್ತೆ ಅದೇ ಕೂಗು. ನಮ್ಮ ಮನೆಯಲ್ಲಿ ಇಷ್ಟು ದಿನ ಇದ್ದು ಅದಕ್ಕೂ ನಮ್ಮ ಪದ್ಧತಿ ಅಂಟಿತ್ತು.

"ಸಿಕ್ತು! ಕಮಲಾಪುರ ತಗದು ಹಾಕಬೇಕು!" ಎಂದು ಕೂಗಿದೆ.

ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. "ಏನ್ ತಗದು ಹಾಕ್ತಿ?"

"ಮಾಮಾನ ಲ್ಯಾಪ್‌ಟಾಪಿನ ಸಂಬಂಧ ಅವ್ವಾ. ಅದರಿಂದಲೇ ಇಷ್ಟೆಲ್ಲಾ."

"ಸಂಬಂಧ ಹಂಗ ಕಡೀತಾರೇನೋ? ನಿಮ್ಮಪ್ಪನೂ ಇಷ್ಟು ವರ್ಷದಾಗ ಆ ಧೈರ್ಯ ಮಾಡಿಲ್ಲ. ಅಣ್ಣಗ ಒಂದು ಮಾತು ಕೇಳು. ಕೇಳಿದ್ರ ನಿನ್ನ ಗಂಟೇನು ಹೋಗ್ತದ?"

ಕೇಳದೆ ಗತಿಯಿರಲಿಲ್ಲ. ಫೋನ್ ಹಚ್ಚಿದೆ. ಮಾಮಾ ಸಂಭ್ರಮದಿಂದ, "ನನ್ನ ಲ್ಯಾಪ್‌ಟಾಪ್ ಸಲವಾಗಿ ಕೆಲಸ ನಿಂತದಂತ? ಅರೇ, ಮೊದ್ಲೇ ಹೇಳ್ಬಾರ್ದೇನು! ಬಸ್‌ಸ್ಟ್ಯಾಂಡ್‌ನ್ಯಾಗೇ ಇದೀನಿ. ಈಗ ತಗೊಂಡು ಬಂದೆ ನೋಡು. ನಾ ಬರೂತನಕ ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದ. ಹಿಂದೆ ಯಾರೋ "ಡಜನ್ ಹ್ಯಾಂಗ್ರೀ?" ಎಂದು ಕೇಳುತ್ತಿದ್ದರು. ಮಾಮಾ ಅವರಿಗೆ ಬೆಲೆಯನ್ನೂ ಹೇಳಿದ.

"ಬರ್ತಾನಂತ. ತಡೀರಿ" ಎಂದು ಅವ್ವ ತೃಪ್ತಿಯಿಂದ ಒಳಗೆ ಹೋದಳು.

ಭಾಗ್ಯ ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯಿಂದ ಮೌಸ್ ಕಸಿದು 'ಕಮಲಾಪುರ'ದ ಮೇಲೆ ಇಟ್ಟು, ಸಂಪರ್ಕ ಕಡಿಯುವ ಗುಂಡಿ ಒತ್ತಿಯೇಬಿಟ್ಟಳು. ಮುಂದಿನದು ಹೇಳುವುದೇನಿದೆ? ಏಳೂ ಫೋಲ್ಡರುಗಳು ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ತೆರೆದುಕೊಂಡವು. ಪ್ರಮಾಣಪತ್ರಗಳು ಏರಿದವು, ಅರ್ಜಿಯ ಸಂಖ್ಯೆ ಬಂತು. ನಾನು ಡೈರಿ ತೆಗೆದು ಬರೆದೆ: ಕಾರಣ ಪತ್ತೆ. ಪರಿಹಾರ ಆಯಿತು.

ಸಂಜೆ ಅರ್ಜಿಯ ಬಾಗಿಲು ಮುಚ್ಚಿ ಎಷ್ಟೋ ಹೊತ್ತಾದ ಮೇಲೆ ಮಾಮಾ ಬಂದ. ಒಂದು ಕೈಯಲ್ಲಿ ಗೊನೆ, ಇನ್ನೊಂದರಲ್ಲಿ ಲ್ಯಾಪ್‌ಟಾಪ್. ಭಾಗ್ಯ ನಮಸ್ಕಾರ ಮಾಡಿ ಸುದ್ದಿ ಹೇಳಿದಳು. ಮಾಮಾ ಮನಸಾರೆ ಹರಸಿದ. ಹರಸಿ ಮುಗಿದ ಮೇಲೆ ಅವನ ಮುಖ ಇಳಿಯಿತು. "ನಾ ಬರೂಕ ಮೊದ್ಲೇ ತಗದೀರೇನು? ಇರ್ಲಿ ಬಿಡ್ರಿ. ಈಗಿನ ಕಾಲದಾಗ ಮಾಮಾ ಯಾರಿಗಿ ಬೇಕು" ಎಂದು ಮುಂದಿಟ್ಟ ಚಹಾ ಮುಟ್ಟದೆ ಕೂತ.

ತವರಿನ ಅಣ್ಣ ಚಹಾ ಮುಟ್ಟದಿರುವುದೆಂದರೆ ನಮ್ಮ ಮನೆಯಲ್ಲಿ ತುರ್ತುಪರಿಸ್ಥಿತಿ. ಅವ್ವ ನನ್ನನ್ನು ನೋಡಿದಳು. ಅಪ್ಪ ಕೂಡ ಫ್ಯಾನಿನ ಕೆಳಗಿಂದ ಎದ್ದು ಕೂತು ನನ್ನನ್ನೇ ನೋಡಿದ. ನಾನು ಬಾಯಿ ಮುಚ್ಚಿಕೊಂಡು ಹೋಗಿ ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಿದೆ. ಎಡಗಡೆ 'ಕಮಲಾಪುರ' ಮೂಡಿತು. ಮಾಮಾ ಎರಡು ಕಪ್ ಚಹಾ ಕುಡಿದ, ಮರುದಿನ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಊರಿಗೆ ಹೋದ.

ಬಿಚ್ಚಿಹಾಕಲು ಒಂದು ಗುಂಡಿ ಒತ್ತಿದರೆ ಸಾಕು, ನನಗೆ ಗೊತ್ತು. ಆದರೆ ಅವ್ವ ಕಸ ಹೊಡೆಯುವಾಗಲೆಲ್ಲ ಪರದೆಯ ಎಡಗಡೆ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಾಳೆ. ಭಾಗ್ಯ ಜಾಣೆ, ತನ್ನ ಕಾಗದಗಳನ್ನೆಲ್ಲ ಫೋನಿಗೆ ಇಳಿಸಿಕೊಂಡು ನನ್ನ ಶಿಸ್ತಿನಿಂದ ಪಾರಾಗಿದ್ದಾಳೆ. 'ಪರಿಹಾರ ಆಯಿತು' ಎಂಬುದರ ಕೆಳಗೆ ನಾನು 'ರದ್ದು' ಎಂದು ಬರೆದು ತಾರೀಖು ಹಾಕಿದ್ದೇನೆ.

ಈ ಪ್ರಬಂಧವನ್ನು ಇಡಲು ಈಗಷ್ಟೇ ಒಂದನೆಯ ಫೋಲ್ಡರ್ ಒತ್ತಿದೆ. ಹಸಿರು ಗೆರೆ ಅರ್ಧ ದಾರಿಗೆ ಬಂದು ನಿಂತಿದೆ. "ತಗೀತೇನೋ?" ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು.

"ಇಲ್ಲವ್ವಾ. ಮಾಮಾ ಇನ್ನಾ ದಾರಿಯಾಗ ಅದಾನ. ಚಹಾ ಇಡು" ಎಂದೆ.