ದುರುಗಪ್ಪ ಅಕ್ಕಿ ಆರಿಸಿದ್ದು

“ಬೀಗತೇರ, ಬರದಿಟ್ಕೊಳ್ರಿ! ಒಂದು ತಿಂಗಳದಾಗ ನನ್ನ ಮಗಳ ರಕ್ತ ಹತ್ತಕ್ಕ ಏರಿಸ್ತೀನಿ. ಏರಿಸಲಿಲ್ಲಂದ್ರ ನಾ ದುರುಗಪ್ಪ ಅಲ್ಲ!”

ಸಂತೆಕಲ್ಲೂರಿನ ಗೌಂಡಿ ದುರುಗಪ್ಪ, ದಢೇಸುಗೂರಿನ ಬೀಗರ ಮನೆಯಲ್ಲಿ, ಮಗಳ ಕುಬಸದ, ಅಂದರೆ ಸೀಮಂತದ, ಊಟದ ಪಂಕ್ತಿಯ ನಡುವೆ ಎದ್ದು ನಿಂತು ಈ ಘೋಷಣೆ ಮಾಡಿದಾಗ ಅವನ ಕೈಯಲ್ಲಿ ಅರ್ಧ ಹೋಳಿಗೆ ಇತ್ತು. ಆವೇಶಕ್ಕೆ ಅದರ ಹೂರಣವೆಲ್ಲ ಪಕ್ಕದವರ ಸಾರಿನಲ್ಲಿ ಬಿತ್ತು.

ಆವೇಶಕ್ಕೆ ಕಾರಣವಿತ್ತು. ಏಳು ತಿಂಗಳ ಬಸುರಿ ಮೇಘಾಳ ರಕ್ತದ ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಹತ್ತಕ್ಕೆ ಏರದಿದ್ದರೆ ಹೆರಿಗೆ ಕಷ್ಟವಾದೀತು ಎಂದು ನರ್ಸಮ್ಮ ಹೇಳಿದ್ದಳು. ಅದನ್ನೇ ಹಿಡಿದುಕೊಂಡು ಬೀಗತಿ ಗಿರಿಯಮ್ಮ ಬಡಿಸುತ್ತ ಬಡಿಸುತ್ತ ಒಂದು ಮಾತು ಬಡಿಸಿಬಿಟ್ಟಿದ್ದಳು.

“ನಮ್ಮಲ್ಲಿ ಕಾಲುವಿ ಐತಿ, ಹಿತ್ತಲದಾಗ ಕಾಯಿಪಲ್ಲೆ ಐತಿ. ನಿಮ್ಮ ಊರಾಗ ಏನೈತ್ರಿ ಬೀಗರ? ಒಂದು ಸೂಡು ಪಲ್ಲೆ ಬೇಕಂದ್ರ ಮಸ್ಕಿ ಸಂತಿ ತನಕ ಕಾಯಬೇಕು. ಹುಡುಗಿ ಇಲ್ಲೇ ಇರಲಿ ಬಿಡ್ರಿ.”

ಮೇಘಾ ತಾಯಿ ಯಂಕಮ್ಮನ ಸೆರಗಿನ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚೊಚ್ಚಲ ಹೆರಿಗೆ, ಅವ್ವನ ಹತ್ತಿರವೇ ಇರಬೇಕೆಂಬ ಆಸೆ. ಕೊನೆಗೆ ಒಪ್ಪಂದವಾಯಿತು: ಒಂದು ತಿಂಗಳು ತವರಲ್ಲಿ. ರಕ್ತ ಏರಿದರೆ ಸರಿ, ಇಲ್ಲವಾದರೆ ಗಿರಿಯಮ್ಮ ಬಂದು ಕರೆದುಕೊಂಡು ಹೋಗುವುದು.

ಗಿರಿಯಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಂತೆಯಿಂದ ಶೇರ್ ಆಟೋದಲ್ಲಿ, ಹದಿನಾಲ್ಕು ಜನರ ಕಾಲಡಿ ಕುಳಿತು ಬರುವ ಪಾಲಕ್ ಸಂತೆಕಲ್ಲೂರು ಮುಟ್ಟುವಷ್ಟರಲ್ಲಿ ಬೇಯಿಸುವ ಅಗತ್ಯವೇ ಇರುತ್ತಿರಲಿಲ್ಲ! ಉಳಿದ ದಿನ ರೇಷನ್ ಅಕ್ಕಿಯ ಅನ್ನ, ಮೇಲೊಂದಿಷ್ಟು ನೀರು ಸಾರು.

ಊರಿಗೆ ಬಂದ ಮರುದಿನವೇ ಯಂಕಮ್ಮ ಹೇಳಿದಳು, “ಮೇಘಾನಪ್ಪ, ಅಂಗನವಾಡಿಯಾಗ ಮಹೇಶ್ವರಿ ಟೀಚರಮ್ಮ ಶುಕ್ರವಾರಕ್ಕೊಮ್ಮೆ ಬಸುರಿ ಹೆಣ್ಮಕ್ಕಳನ್ನ ಕೂಡಿಸ್ತಾರಂತ. ಏನು ಉಣಬೇಕು, ಹೆಂಗ ಉಣಬೇಕು ಅಂತ ಹೇಳಿಕೊಡ್ತಾರಂತ. ಮನಿ ಮಂದಿನೂ ಬರ್ರಿ ಅಂದಾರ.”

“ಉಣ್ಣಾಕೂ ಸಾಲಿ ಕಲೀಬೇಕೇನ್ಲೇ ಯಂಕಿ? ನಾ ನಾಕನೇ ಇಯತ್ತೆಕ್ಕ ಸಾಲಿ ಬಿಟ್ಟಾಂವ. ಐವತ್ತು ವರ್ಷ ಉಂಡೀನಿ, ಒಂದು ಹೊತ್ತರ ಉಣ್ಣೋದ್ರಾಗ ನಪಾಸಾಗೀನೇನು?”

“ಉಣ್ಣೋದ್ರಾಗ ಇಲ್ಲ ಬಿಡ್ರಿ,” ಎಂದು ಯಂಕಮ್ಮ ಒಲೆಯ ಕಡೆ ತಿರುಗಿದಳು. ಇಪ್ಪತ್ತೈದು ವರ್ಷ ಈ ಗಂಡನೊಂದಿಗೆ ವಾದ ಮಾಡಿ ಅವಳಿಗೆ ಸಾಕಾಗಿತ್ತು.

ಅದೇ ವಾರ ದುರುಗಪ್ಪನ ಕಣ್ಣಿಗೆ ಶತ್ರು ಬಿದ್ದ. ಯಂಕಮ್ಮ ಮೊರದಲ್ಲಿ ಹರವಿದ್ದ ರೇಷನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಬೇರೆ ಥರ ಕಾಣಿಸಿತು. ತುಸು ಹಳದಿ, ತುಸು ಮಂಕು. ಮಸ್ಕಿಯಲ್ಲಿ ಜೊತೆಗೆ ಕೆಲಸ ಮಾಡುವ ಪೇಂಟರ್ ನಾಸೀರ್ ಮೊಬೈಲಿನಲ್ಲಿ ತೋರಿಸಿದ್ದ ವಿಡಿಯೋ ತಲೆಯಲ್ಲಿ ಮಿಂಚಿತು.

“ಪ್ಲಾಸ್ಟಿಕ್ ಅಕ್ಕಿ! ನನ್ನ ಮಗಳ ರಕ್ತ ಎಲ್ಲಿ ಹೊಂಟೈತಿ ಅಂತ ಈಗ ಗೊತ್ತಾತು!”

ಒಂದೇ ಉಸಿರಿಗೆ ರೇಷನ್ ಅಂಗಡಿಗೆ ಹೋದ. ಅಂಗಡಿಯ ದಸ್ತಗೀರ್‌ಸಾಬ್ ಸಮಾಧಾನದ ಮನುಷ್ಯ. “ದುರುಗಪ್ಪಾ, ಅದು ಹಂಗಲ್ಲೋ ಮಾರಾಯ. ಆ ಕಾಳಿನ್ಯಾಗ...” ಎಂದು ಶುರು ಮಾಡಿದ.

“ಬಾಯಿ ಮುಚ್ಚು ಸಾಬಣ್ಣ!”

“ಅಲ್ಲೋ, ಸಾಹೇಬ್ರು ಹೇಳ್ಯಾರ, ಅದರಾಗ...”

“ಯಾವ ಸಾಹೇಬಾ? ಅವನ ಮಗಳು ಬಸುರಿ ಇದ್ದಾಳೇನು?”

ದಸ್ತಗೀರ್‌ಸಾಬ್ ಕೈ ಮುಗಿದ. ಮುಗಿದ ಕೈಯಿಂದಲೇ, ಇವನು ಕೇಳಿದ ಅಕ್ಕಿಯ ಒಂದು ಖಾಲಿ ಚೀಲವನ್ನೂ ಕೊಟ್ಟು ಕಳಿಸಿದ. ಚೀಲ ಯಾಕೆಂದರೆ, ದುರುಗಪ್ಪ ಅಂದಿನಿಂದ ಮನೆಯ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುವವನಿದ್ದ. ಕಲ್ಲುಕಟ್ಟೆ, ಚುಚ್ಚಬಾರದಲ್ಲ!

ಮೊದಲು ಗೌಂಡಿ ಬುದ್ಧಿ ಓಡಿಸಿದ. ಉಸುಕು ಸೋಸುವ ಜರಡಿಯನ್ನು ತೊಳೆದು ತಂದು ಅಕ್ಕಿ ಸುರಿದ. ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ಇಳಿದು ಅಂಗಳ ಸೇರಿದವು. ಯಂಕಮ್ಮ ಅಕ್ಕಿ ಬಳಿದುಕೊಂಡಳು. ಕೊನೆಗೆ ಕೈಯಿಂದಲೇ ಆರಿಸುವುದೆಂದು ನಿಶ್ಚಯಿಸಿದ.

ಒಂದು ಕಿಲೋ ಅಕ್ಕಿಯಲ್ಲಿ ಅಂಥ ಕಾಳು ಸುಮಾರು ಐನೂರು. ಹಗಲೆಲ್ಲ ಇಟ್ಟಿಗೆ ಹೊತ್ತು ಬಂದ ಮನುಷ್ಯ ಸಂಜೆ ಆ ಚೀಲದ ಮೇಲೆ ಕುಳಿತು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಒಂದೊಂದೇ ಕಾಳು ಹೆಕ್ಕುವುದೆಂದರೆ! ಕುತ್ತಿಗೆ ಹಿಡಿಯಿತು. ಕಣ್ಣು ಉರಿಯಿತು. ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಹಳದಿ ಕಾಳು ಹರಿದಾಡುತ್ತಿದ್ದವು.

ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ ಮನೆಯ ಸಕೀನಾಬೀ ತನ್ನ ಅಕ್ಕಿಯನ್ನೂ ತಂದಿಟ್ಟಳು. “ದುರುಗಪ್ಪಣ್ಣ, ನಮ್ಮ ಸೊಸಿಗೂ ರಕ್ತ ಕಡಿಮಿ ಐತಿ. ಸ್ವಲ್ಪ ಇದನ್ನೂ ನೋಡಪಾ.” ಅವಳ ಹಿಂದೆ ಓಣಿಯೇ ಬಂತು. ಕಟ್ಟೆಯ ಮೇಲೆ ಹನ್ನೊಂದು ಮೊರ ಸಾಲಾಗಿ ಕುಳಿತವು. ದುರುಗಪ್ಪನಿಗೆ ಸುಸ್ತು, ಜೊತೆಗೆ ಹೆಮ್ಮೆ. ಬೈಯುತ್ತಲೇ ಆರಿಸಿದ, ಆರಿಸುತ್ತಲೇ ಬೈದ. ಆರಿಸಿದ್ದರಲ್ಲಿ ಅರ್ಧವನ್ನು ಸಾಕ್ಷಿಗೆಂದು ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿಟ್ಟ, ಉಳಿದರ್ಧ ತಿಪ್ಪೆಗೆ.

ತಿಪ್ಪೆಯ ಮೇಲೆ ಅವನದೇ ಹುಂಜವಿತ್ತು. ಪ್ಲಾಸ್ಟಿಕ್ ತಿಂದು ಅದು ಸಾಯಬೇಕಾಗಿತ್ತು. ಸಾಯಲಿಲ್ಲ. ಮೈ ತುಂಬಿಕೊಂಡು, ಎದೆ ಉಬ್ಬಿಸಿ, ಬರಬರುತ್ತ ದುರುಗಪ್ಪನನ್ನೇ ಅಟ್ಟಿಸಿಕೊಂಡು ಬರತೊಡಗಿತು.

“ರೀ, ಆ ಹುಂಜದ ಜುಟ್ಟು ನೋಡ್ರಿ, ಎಷ್ಟ ಕೆಂಪಾಗೈತಿ!”

“ಹುಂಜದ ಜುಟ್ಟು ಕೆಂಪಿರದ ಹಸುರು ಇರತೈತೇನಬೇ? ಸುಮ್ಮನ ಹೋಗು!”

ಮಗಳ ಆರೈಕೆಗೂ ಅವನು ಕಡಿಮೆ ಮಾಡಲಿಲ್ಲ. ಅವಳು ಉಂಡು ಕೈ ತೊಳೆಯುವುದರೊಳಗೆ ತಾನೇ ಕುದಿಸಿದ ಗಟ್ಟಿ ಚಹಾ ತಂದು ಕೊಡುತ್ತಿದ್ದ. ನರ್ಸಮ್ಮ ಕೊಟ್ಟ ಕಬ್ಬಿಣದ ಗುಳಿಗೆಯನ್ನೂ ಅದರಲ್ಲೇ ನುಂಗಿಸುತ್ತಿದ್ದ. “ಕುಡಿ ನನ್ನವ್ವಾ, ತಾಕತ್ತು ಬರತೈತಿ.” ಮೇಘಾ ಕುಡಿಯುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಗೆ ಅಪ್ಪನ ಎದುರು ಬೇಡ ಎನ್ನುವಷ್ಟೂ ಶಕ್ತಿ ಇರಲಿಲ್ಲ.

ತಿಂಗಳು ತುಂಬಿತು. ನರ್ಸಮ್ಮ ಬೆರಳು ಚುಚ್ಚಿ ನೋಡಿದಳು.

ಎಂಟು ಪಾಯಿಂಟ್ ಮೂರು.

ಏರುವುದಿರಲಿ, ಇಳಿದಿತ್ತು! ದಢೇಸುಗೂರಿಗೆ ಸುದ್ದಿ ಮುಟ್ಟಿತು. ಗಿರಿಯಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಾಳೆ ಬರ್ತೀನಿ. ಹುಡುಗಿ ಅರಿವಿ-ಬಟ್ಟಿ ಕಟ್ಟಿ ಇಡ್ರಿ.” ಮೇಘಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ದುರುಗಪ್ಪನ ನೆತ್ತಿ ಕಾದು ಹೆಂಚಾಯಿತು. “ಇದೆಲ್ಲಾ ಸರ್ಕಾರದ ಪ್ಲಾಸ್ಟಿಕ್ಕಿನ ಕೆಲಸ! ನಡೀರಿ, ಇವತ್ತ ತೀರ್ಮಾನ ಆಗಲಿ!” ಎಂದು ಒಂದು ಬಗಲಲ್ಲಿ ಡಬ್ಬಿ, ಇನ್ನೊಂದು ಬಗಲಲ್ಲಿ ಸಾಕ್ಷಿಗೆಂದು ಆ ಚೀಲ ಹಿಡಿದು ಅಂಗನವಾಡಿಗೆ ನುಗ್ಗಿದ. ಅಂದು ಶುಕ್ರವಾರ. ಬಸುರಿಯರು, ಅತ್ತೆಯರು, ಸಕೀನಾಬೀ ಎಲ್ಲರೂ ಕುಳಿತಿದ್ದರು. ಹಿಂದಿನಿಂದ ಯಂಕಮ್ಮ ಮಗಳ ಕೈ ಹಿಡಿದು ನಿಧಾನ ಬಂದಳು.

ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. “ಇದೇನ್ರೀ ಟೀಚರಮ್ಮ?”

ಮಹೇಶ್ವರಿ ಮುಚ್ಚಳ ತೆಗೆದು, ಒಂದು ಮುಷ್ಟಿ ಅಂಗೈಗೆ ಹಾಕಿಕೊಂಡು ನೋಡಿದಳು. ಅವಳ ಮುಖ ಸಣ್ಣದಾಯಿತು. “ದುರುಗಪ್ಪಣ್ಣ, ಇಷ್ಟೊಂದು ಎಲ್ಲಿಂದ ತಂದ್ರಿ?”

“ನಮ್ಮ ಅಕ್ಕಿಯಾಗಿಂದು! ಇಡೀ ಓಣಿ ಅಕ್ಕಿಯಾಗಿಂದು! ನಾ ಒಬ್ಬನೇ ಆರಿಸೀನಿ!”

“ಯಾರ ಹೊಟ್ಟಿಗೂ ಹೋಗಿಲ್ಲೇನು?”

“ಒಂದು ಕಾಳು ಬಿಟ್ಟಿಲ್ಲ!” ದುರುಗಪ್ಪ ಮೀಸೆಯ ಮೇಲೆ ಕೈ ಆಡಿಸಿದ.

ಮಹೇಶ್ವರಿ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಳಿತೇಬಿಟ್ಟಳು. “ಅಣ್ಣಾ, ಇದು ಪ್ಲಾಸ್ಟಿಕ್ ಅಲ್ರೀ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ವಿಟಮಿನ್ ಎಲ್ಲಾ ಕೂಡಿಸಿ, ಮತ್ತ ಅಕ್ಕಿ ಕಾಳಿನಂಗ ಮಾಡಿ, ನೂರು ಕಾಳಿಗೆ ಒಂದರಂಗ ಬೆರಸಿರ್ತಾರ. ರಕ್ತ ಕಡಿಮಿ ಇದ್ದವರ ಸಲುವಾಗಿನೇ. ಆ ಚೀಲದ ಮ್ಯಾಲ ಬರದೈತಿ, ಓದ್ರಿ.”

ದುರುಗಪ್ಪ ಚೀಲ ಬಿಡಿಸಿದ. ತಿಂಗಳಿಡೀ ಅವನು ಕುಳಿತು ಕುಳಿತು ಅರ್ಧ ಅಳಿಸಿಹೋಗಿದ್ದ ಅಕ್ಷರಗಳು ಅಲ್ಲಿದ್ದವು. “ಸಾ... ರ... ವ... ರ್ಧಿ... ತ,” ಎಂದು ಓದಿದ. ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಅವನು ಓದಿದ ಅತಿ ಉದ್ದನೆಯ ಪದ ಅದು.

“ಯಾ ಅಲ್ಲಾ!” ಸಕೀನಾಬೀ ಎದೆ ಬಡಿದುಕೊಂಡಳು. “ಉತ್ತರದ ಮ್ಯಾಲ ಕುಂತು ನಮ್ಮ ಓಣಿಗೆಲ್ಲಾ ಉಪವಾಸ ಹಾಕಿದೆಲ್ಲೋ!”

ಮೇಘಾ ದಣಿದ ದನಿಯಲ್ಲಿ ಹೇಳಿದಳು, “ಯಪ್ಪಾ, ನನ್ನ ಪಾಲಿಂದು ಹುಂಜ ಉಂಡ್ತು.”

ಎಲ್ಲರೂ ನಕ್ಕರು. ಚಹಾದ ಸಂಗತಿ ಹೊರಬಿದ್ದಾಗ ಮಹೇಶ್ವರಿ ಹಣೆ ಹಿಡಿದುಕೊಂಡಳು. “ಉಂಡ ಮ್ಯಾಲ ಚಾ, ಗುಳಿಗಿಗೂ ಚಾ! ಅದು ಕಬ್ಬಿಣ ಮೈಗೆ ಹತ್ತಾಕ ಬಿಡಂಗಿಲ್ಲಣ್ಣ. ಗುಳಿಗಿ ನೀರಾಗ ಕೊಡ್ರಿ, ಊಟದಾಗ ಲಿಂಬಿಹಣ್ಣು ಹಿಂಡ್ರಿ. ಪಲ್ಲೆಕ್ಕ ಮಸ್ಕಿ ಸಂತಿ ಯಾಕ ಕಾಯ್ತೀರಿ? ಈ ಅಂಗನವಾಡಿ ಹಿಂದೇ ನುಗ್ಗಿ ಗಿಡ ಐತಿ. ಆಡು ತಿಂತಾವ, ಮನಷ್ಯಾರು ತಿನ್ನವಲ್ರು.”

ದುರುಗಪ್ಪ ಯಾರನ್ನಾದರೂ ಬೈಯಬೇಕೆಂದು ಸುತ್ತಲೂ ನೋಡಿದ. ಬೈಯಲು ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ. ಗೋಡೆಗೆ ಒರಗಿ ಕುಳಿತ. ತಿಂಗಳ ಕುತ್ತಿಗೆ ನೋವೆಲ್ಲ ಒಟ್ಟಿಗೆ ಬಂತು.

ಯಂಕಮ್ಮ ಅಲ್ಲಿಂದಲೇ ಫೋನು ಹಚ್ಚಿದಳು. “ಬೀಗತೇರ, ಇನ್ನೊಂದು ತಿಂಗಳ ಕೊಡ್ರಿ. ಈ ಸಲ ಅವ್ರು ಮಾತು ಕೊಡಂಗಿಲ್ಲ, ನಾ ಕೊಡ್ತೀನಿ.”

“ನೀ ಕೊಟ್ರ ಆತು,” ಎಂದಳು ಗಿರಿಯಮ್ಮ.

ಡಬ್ಬಿಯ ಕಾಳನ್ನು ದುರುಗಪ್ಪನೇ ಮನೆಮನೆಗೆ ಹೋಗಿ, ಅವರವರ ಅಕ್ಕಿಗೆ ಮುಷ್ಟಿ ಮುಷ್ಟಿ ಕಲಸಿ ಬಂದ. ಸಕೀನಾಬೀ ಬಾಗಿಲಲ್ಲಿ ನಿಂತು, “ಚಲೋ ತಿರುವೋ ಗೌಂಡಿ, ಸಿಮೆಂಟ್ ತಿರುವಿದಂಗ!” ಎಂದಳು. ಅವನು ತಿರುವಿದ. ಮನೆಯಲ್ಲಿ ಜೋಳದ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಲೆ, ಹೆಸರುಬೇಳೆ, ಲಿಂಬೆಹಣ್ಣು ನಡೆದವು. ಶುಕ್ರವಾರ ತಪ್ಪದೆ ಅಂಗನವಾಡಿ. ದುರುಗಪ್ಪ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದ. ಮೊರದಲ್ಲಿ ಹಳದಿ ಕಾಳು ಕಂಡಾಗೆಲ್ಲ ಬೆರಳು ತಾನಾಗಿ ಮುಂದೆ ಹೋಗುತ್ತಿತ್ತು. ಯಂಕಮ್ಮ ಸೌಟು ತೋರಿಸಿದರೆ ಹಿಂದೆ ಬರುತ್ತಿತ್ತು.

ಮುಂದಿನ ತಿಂಗಳು ನರ್ಸಮ್ಮ ಮತ್ತೆ ಬೆರಳು ಚುಚ್ಚಿದಳು. ಹತ್ತು ಪಾಯಿಂಟ್ ಒಂದು!

ಮೇಘಾ ತಾಯಿಯ ಹೆಗಲಿಗೆ ತಲೆಯಿಟ್ಟು ಅತ್ತಳು. ದುರುಗಪ್ಪ ಮಾತ್ರ ಜಿಗಿದು ಫೋನು ಕಿತ್ತುಕೊಂಡ. “ಬೀಗತೇರ! ದುರುಗಪ್ಪ ಮಾತನಾಡಾಕತ್ತೀನಿ! ಹತ್ತು ದಾಟೈತಿ! ಹೇಳಿದ್ನಿಲ್ಲ, ಏರಿಸಿ ತೋರಿಸ್ತೀನಿ ಅಂತ?”

ಗಿರಿಯಮ್ಮನಿಗೂ ಸಂತೋಷವಾಯಿತು. “ಅಲಲಾ! ಏನ್ ಮಾಡಿದ್ರಿ ಬೀಗರ?”

ದುರುಗಪ್ಪ ಎದೆ ಉಬ್ಬಿಸಿ ಬಾಯಿ ತೆರೆದ. ಯಂಕಮ್ಮ ಫೋನನ್ನು ಮೆಲ್ಲಗೆ ಇಸಿದುಕೊಂಡು ತಾನೇ ಉತ್ತರ ಕೊಟ್ಟಳು.

“ಈ ತಿಂಗಳ ಅವ್ರು ಏನೂ ಮಾಡಿಲ್ರೀ. ಅದಕ್ಕೇ ಏರೈತಿ.”