ಪೆಟ್ಟಿಗೆ ಎಸೆಯಬೇಡಿ, ಊರಿಗೆ ಹೋಗಲಿಕ್ಕುಂಟು

"ನಿಮ್ಮದು ಯಾವೂರು?" ಎಂದು ಯಾರಾದರೂ ನನ್ನನ್ನು ಕೇಳಿದ ದಿನ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅಬುಧಾಬಿ ಎಂದರೆ "ಅದಲ್ಲ, ನಿಜವಾದ ಊರು?" ಎನ್ನುತ್ತಾರೆ. ಉಡುಪಿ ಎಂದರೆ "ಉಡುಪಿಯಲ್ಲಿ ಎಲ್ಲಿ?" ಎನ್ನುತ್ತಾರೆ. ಅಲ್ಲಿಗೆ ನನ್ನ ಬಂಡವಾಳ ಮುಗಿಯುತ್ತದೆ. ನಾನು ಹುಟ್ಟಿದ್ದು, ಓದಿದ್ದು, ಹಲ್ಲು ಬಿದ್ದದ್ದು, ಸೈಕಲ್ಲಿನಿಂದ ನಾನೇ ಬಿದ್ದದ್ದು ಎಲ್ಲ ಇಲ್ಲೇ, ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ. ಪಾಸ್‌ಪೋರ್ಟ್ ಮಾತ್ರ ಭಾರತದ್ದು. ಇಲ್ಲಿರಲು ಬೇಕಾದ ವೀಸಾ ಅಪ್ಪನ ಕೆಲಸದ ಬಾಲ ಹಿಡಿದುಕೊಂಡು ಬಂದದ್ದು.

ಹಾಗಾಗಿ ಅಪ್ಪ ನಿವೃತ್ತರಾಗುತ್ತಾರೆ ಎಂಬ ಸುದ್ದಿ ಬಂದಾಗ ಎಲ್ಲರೂ ಅವರಿಗೆ ಶುಭಾಶಯ ಹೇಳಿದರು, ನನಗೆ ಎದೆ ಧಸಕ್ಕೆಂದಿತು. ಅಪ್ಪನ ವೀಸಾ ಹೋದರೆ ನನ್ನದೂ ಹೋಗುತ್ತದೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದೆ, ಸಿಕ್ಕಿರಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಊಟದ ತಟ್ಟೆ ಹಿಡಿದುಕೊಂಡೇ ಮನೆಯಿಡೀ ತಿರುಗುತ್ತಿದ್ದೆ. "ಇವಳ ಹಿಂದೆ ಓಡಿ ಸಾಂಬಾರು ಬಡಿಸ್ಬೇಕಾಯ್ತಲ್ಲ" ಎಂದು ಅಮ್ಮ ಬೈಯುತ್ತಿದ್ದಳು. ಆ ದಿನಗಳಲ್ಲಿ ನಡೆದ ಕೆಲವು ಪ್ರಸಂಗಗಳು ಇವು.

ಎರಡು ವರ್ಷದ ಮಟ್ಟಿಗೆ

ಮೊದಲು ನಮ್ಮ ಮನೆಯ ಪರಿಸ್ಥಿತಿ ಹೇಳಿಬಿಡುತ್ತೇನೆ. ಅಪ್ಪ ಈ ದೇಶಕ್ಕೆ ಬಂದದ್ದು ಎರಡು ವರ್ಷದ ಮಟ್ಟಿಗೆ. ಅದು ನಾನು ಹುಟ್ಟುವ ಮೊದಲಿನ ಮಾತು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಪ್ರತಿ ಚೌತಿಗೆ ಅಪ್ಪ "ಬರುವ ಚೌತಿ ಊರಲ್ಲೇ" ಎನ್ನುತ್ತಾರೆ. ಅಮ್ಮ "ಆಯ್ತಾಯ್ತು" ಎಂದು ಇನ್ನೊಂದು ಕಡುಬು ಬಡಿಸುತ್ತಾಳೆ.

ಹೀಗೆ ಸದಾ ಹೊರಟು ನಿಂತ ಮನೆಯಾದ್ದರಿಂದ ನಮ್ಮಲ್ಲಿ ಯಾವ ಸಾಮಾನಿನ ಪೆಟ್ಟಿಗೆಯನ್ನೂ ಎಸೆಯುವಂತಿಲ್ಲ. ಟಿವಿ, ಮಿಕ್ಸಿ, ಫ್ಯಾನು, ಏನೇ ಬರಲಿ, ಅದು ಬಂದ ರಟ್ಟಿನ ಪೆಟ್ಟಿಗೆ ಒಳಗಿನ ಥರ್ಮಾಕೋಲ್ ಸಮೇತ ಕಪಾಟಿನ ಮೇಲೇರುತ್ತದೆ. ಊರಿಗೆ ಹೋಗುವಾಗ ಕಾರ್ಗೋದಲ್ಲಿ ಹಾಕಲು ಬೇಕಲ್ಲ! ಕಪಾಟಿನ ಮೇಲೆ ಜಾಗ ಮುಗಿದ ಮೇಲೆ ಮಂಚದಡಿ, ಅದೂ ಮುಗಿದ ಮೇಲೆ ಬಾಲ್ಕನಿ. ಬಾಲ್ಕನಿಯ ವಾಷಿಂಗ್ ಮೆಷಿನ್ ಪೆಟ್ಟಿಗೆಯಲ್ಲಿ ಪಾರಿವಾಳದ ಸಂಸಾರವೊಂದಿದೆ. ವೀಸಾದ ಚಿಂತೆಯಿಲ್ಲದೆ ನಮ್ಮ ಮನೆಯಲ್ಲಿ ವಾಸವಾಗಿರುವುದು ಅದೊಂದೇ ಕುಟುಂಬ.

ಒಮ್ಮೆ ಹಳೆಯ ಟಿವಿ ಸಂಪೂರ್ಣ ಕೆಟ್ಟುಹೋಯಿತು. ಗುಜರಿಯವನು ಒಯ್ಯಲು ಬಂದ. ಅಮ್ಮ ಸಂಭ್ರಮದಿಂದ ಕಪಾಟಿನ ಮೇಲಿನ ಪೆಟ್ಟಿಗೆಯನ್ನೂ ಇಳಿಸಿ ಅವನ ಕೈಗಿತ್ತಳು. ಅಪ್ಪ ಸ್ನಾನದ ಕೋಣೆಯಿಂದ ಟವೆಲ್ ಸುತ್ತಿಕೊಂಡೇ ಓಡಿ ಬಂದರು.

"ಟಿವಿ ತಕೊಂಡು ಹೋಗ್ಲಿ. ಪೆಟ್ಟಿಗೆ ಇರ್ಲಿ."

"ಟಿವಿಯೇ ಇಲ್ಲ ಅಂದ್ಮೇಲೆ ಪೆಟ್ಟಿಗೆ ಎಂತಕ್ಕೆ?" ಅಮ್ಮ ಕೇಳಿದಳು.

ಅಪ್ಪ ಗುಜರಿಯವನ ಕೈಯಿಂದ ಪೆಟ್ಟಿಗೆ ಬಿಡಿಸಿಕೊಂಡು, "ಹಾಳಾದ್ದು ಟಿವಿ ಮಾರಾಯ್ತಿ, ಪೆಟ್ಟಿಗೆಗೆ ಎಂತ ಆಗಿದೆ?" ಎಂದರು.

ಕೌಂಟರಿನಲ್ಲಿ

ವೀಸಾದ ಗೊಡವೆಯೇ ಬೇಡ, ನೇರವಾಗಿ ಪೌರತ್ವವನ್ನೇ ಕೇಳಿಬಿಡೋಣ ಎಂದು ಒಂದು ಬೆಳಿಗ್ಗೆ ನನಗೆ ಹೊಳೆಯಿತು. ಇಡೀ ಜನ್ಮ ಇಲ್ಲೇ ಕಳೆದಿದ್ದೇನೆ, ಶಾಲೆಯಲ್ಲಿ ದಿನಾ ಬೆಳಿಗ್ಗೆ ಈ ದೇಶದ ರಾಷ್ಟ್ರಗೀತೆ ಹಾಡಿದ್ದೇನೆ, ಕೇಳುವುದರಲ್ಲಿ ತಪ್ಪೇನು? ಅಮ್ಮ ಇಸ್ತ್ರಿ ಮಾಡಿಟ್ಟಿದ್ದ ಒಳ್ಳೆಯ ಚೂಡಿದಾರ್ ಹಾಕಿಕೊಂಡು, ವೀಸಾ ಕಚೇರಿಗೆ ಹೋಗಿ ಟೋಕನ್ ತೆಗೆದುಕೊಂಡು, ಕೌಂಟರಿನ ಮುಂದೆ ನಿಂತೆ. ಕೌಂಟರಿನಲ್ಲಿ ಇಲ್ಲಿಯವರೇ ಆದ ಒಬ್ಬ ಹೆಂಗಸು ಕೂತಿದ್ದರು, ಕಪ್ಪು ಅಬಾಯಾ, ನಗುಮುಖ.

"ಹೇಳಮ್ಮಾ, ವೀಸಾ ನವೀಕರಣವೇ?"

"ಅಲ್ಲ, ಪೌರತ್ವ" ಎಂದೆ, ಅಂಗಡಿಯಲ್ಲಿ ಅರ್ಧ ಕಿಲೋ ಟೊಮೆಟೊ ಕೇಳಿದಷ್ಟು ಸಲೀಸಾಗಿ.

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಎಲ್ಲಿ ಹುಟ್ಟಿದ್ದು ಎಂದು ಕೇಳಿದರು. ಹೇಳಿದೆ. ಯಾವ ಆಸ್ಪತ್ರೆ ಎಂದರು. ಹೇಳಿದೆ. "ಅರೇ, ನನ್ನ ತಮ್ಮನೂ ಅಲ್ಲೇ!" ಎಂದು ಖುಷಿಪಟ್ಟರು. ಆಮೇಲೆ ನಮ್ಮ ಬೀದಿಯ ಮೂಲೆಯಲ್ಲಿದ್ದ, ಈಗ ಮುಚ್ಚಿಹೋದ ಶವರ್ಮಾ ಅಂಗಡಿಯ ನೆನಪಾಗಿ ಇಬ್ಬರೂ ನಿಟ್ಟುಸಿರುಬಿಟ್ಟೆವು. ನನ್ನ ಹಿಂದಿನ ಟೋಕನ್ನಿನವರು ಕೆಮ್ಮತೊಡಗಿದರು. ಇನ್ನೇನು ಕೊಟ್ಟೇಬಿಡುತ್ತಾರೆ ಎಂದುಕೊಂಡೆ.

"ಇದಕ್ಕೆ ನೀನಾಗಿ ಅರ್ಜಿ ಹಾಕುವುದಕ್ಕೆ ಬರುವುದಿಲ್ಲ, ಹಬೀಬ್ತಿ" ಎಂದರು ಆಕೆ, ಪ್ರೀತಿಯಿಂದಲೇ. "ದೊಡ್ಡ ವಿಜ್ಞಾನಿ, ದೊಡ್ಡ ಡಾಕ್ಟರು, ದೊಡ್ಡ ಕಲಾವಿದರು ಅಂಥವರನ್ನು ಮೇಲಿನವರೇ ಗುರುತಿಸಿ ಹೆಸರು ಸೂಚಿಸಬೇಕು."

"ಹಾಗಾದರೆ ನಾನೇನು ಮಾಡಲಿ?"

"ಏನಾದರೂ ದೊಡ್ಡದು ಮಾಡು" ಎಂದರು. ನನ್ನ ಮುಖ ಬಾಡಿದ್ದು ನೋಡಿ, ಇಲ್ಲಿನ ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದವರಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಇದೆ, ಅದಕ್ಕಾದರೂ ಪ್ರಯತ್ನಿಸು ಎಂದು ದಾರಿ ತೋರಿಸಿದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಮ್ಮನ ಪ್ರಶ್ನೆ. "ಎಂತ ಹೇಳಿದ್ರು?"

"ಪೌರತ್ವ ಬೇಕಾದ್ರೆ ಜೀವನದಲ್ಲಿ ಏನಾದ್ರೂ ದೊಡ್ಡದು ಸಾಧಿಸ್ಬೇಕಂತೆ."

ಅಮ್ಮ ಸೌಟು ಕೆಳಗಿಟ್ಟಳು. "ನಾನು ಎಷ್ಟು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೇನೆ, ಬೆಳಿಗ್ಗೆ ಬೇಗ ಏಳು ಬೇಗ ಏಳು ಅಂತ. ಈಗ ಸರಕಾರವೇ ಹೇಳಿತಲ್ಲ!"

ಏರಿಯಾ ಬೇರೆ

ಅಂಕ ಚೆನ್ನಾಗಿಯೇ ಇದ್ದುದರಿಂದ ಗೋಲ್ಡನ್ ವೀಸಾಕ್ಕೆ ಅರ್ಜಿ ಹಾಕಿದೆ. ಅಮ್ಮ ನನ್ನನ್ನು ಬಸ್ಸಿನಲ್ಲಿ ದುಬೈಗೆ ಎಳೆದುಕೊಂಡು ಹೋದಳು. ಬರ್ ದುಬೈಯ ದೇವಸ್ಥಾನದ ಓಣಿಯಲ್ಲಿ ಹೂವು ಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಬೇಡಿಕೊಂಡಳು. ಮಗಳ ವೀಸಾ ಬೇಗ ಬರಲಿ, ಬಂದರೆ ಬೆಳ್ಳಿಯ ದೀಪ ಕೊಡುತ್ತೇನೆ ಎಂದು ಹರಕೆ. ನನಗೆ ಕಣ್ಣು ತುಂಬಿಬಂತು. ಅಮ್ಮ ನನ್ನ ಪಕ್ಷ ಎಂದು ಆ ಕ್ಷಣ ಖಾತ್ರಿಯಾಯಿತು.

ಕ್ರೀಕ್ ದಾಟಲು ದೋಣಿ ಹತ್ತಿ ಕೂತಿದ್ದೇವೆ, ಊರಿನಿಂದ ದೊಡ್ಡಮ್ಮನ ಫೋನ್ ಬಂತು. ಅಮ್ಮ ಸ್ಪೀಕರಿನಲ್ಲೇ ಹಾಕಿದಳು.

"ನೀನು ಹೇಳಿದ ಹಾಗೆ ದೈವಕ್ಕೆ ಹರಕೆ ಹೇಳಿ ಬಂದೆ ಮಾರಾಯ್ತಿ" ಎಂದರು ದೊಡ್ಡಮ್ಮ. "ನೀವು ಮೂರೂ ಜನ ಸುಖವಾಗಿ ಊರಿಗೆ ಬಂದು ನೆಲೆಸಿದ್ರೆ ಈ ಸಲ ತಂಬಿಲ ಸೇವೆ ಜೋರಾಗಿ ಕೊಡುದು ಅಂತ."

ನಾನು ಅಮ್ಮನನ್ನೇ ನೋಡಿದೆ. ಅಮ್ಮ ನೀರನ್ನು ನೋಡಿದಳು.

"ಅಮ್ಮಾ, ಎಂತ ಇದು? ಇಲ್ಲಿಯ ದೇವ್ರ ಹತ್ರ ಹೋಗೋದು ಬೇಡ ಅಂತೀಯ, ಅಲ್ಲಿಯ ದೈವದ ಹತ್ರ ಬರ್ತೇವೆ ಅಂತೀಯ. ದೇವ್ರಿಗೂ ದೈವಕ್ಕೂ ಜಗಳ ಹಚ್ಚೋದಾ?"

"ಎಂತ ಜಗಳ?" ಅಮ್ಮ ಮುಡಿದ ಮಲ್ಲಿಗೆ ಸರಿಪಡಿಸಿಕೊಂಡಳು. "ನಿನಗೆ ಇರ್ಬೇಕು, ಅಪ್ಪನಿಗೆ ಹೋಗ್ಬೇಕು. ನಾನು ಯಾರ ಪರ ನಿಲ್ಲುದು? ಇಬ್ಬರದ್ದೂ ಹೇಳಿಟ್ಟಿದ್ದೇನೆ. ಅವರವರ ಏರಿಯಾದಲ್ಲಿ ಅವರವರು ನೋಡಿಕೊಳ್ತಾರೆ."

ರುವೈಸ್‌ನ ಹುಡುಗ

ಇಷ್ಟರ ನಡುವೆ ಒಂದು ಸಂಬಂಧ ಬಂತು. ಹುಡುಗ ರುವೈಸ್‌ನ ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್. ಹುಟ್ಟಿದ್ದು ಬೆಳೆದದ್ದು ದುಬೈಯಲ್ಲೇ, ತಂದೆ ತಾಯಿ ಈಗಲೂ ಅಲ್ಲೇ ಇದ್ದಾರೆ. ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನೋಡುವ ಏರ್ಪಾಡಾಯಿತು. ಪ್ರಸಾದ ಕೈಯಲ್ಲಿರುವಾಗಲೇ ಅಮ್ಮ ಚೀಲದಿಂದ ನನ್ನ ಜಾತಕ ತೆಗೆದಳು.

ಹುಡುಗನ ತಾಯಿ ಅದನ್ನು ನಯವಾಗಿ ಪಕ್ಕಕ್ಕೆ ಸರಿಸಿದರು. "ಜಾತಕ ಇರ್ಲಿ ಅಕ್ಕಾ, ಅದು ಎಲ್ಲಿಗೂ ಹೋಗುದಿಲ್ಲ. ಮಗಳ ಗೋಲ್ಡನ್ ವೀಸಾ ಎಂತ ಆಯ್ತು?"

"ಹಾಕಿದ್ದೇವೆ, ಇನ್ನೂ ಬರ್ಲಿಲ್ಲ" ಎಂದಳು ಅಮ್ಮ.

"ಬಂದ್ರೆ ಹೇಳಿ. ನಮ್ಮ ಹುಡುಗನನ್ನೂ ಅದರಲ್ಲೇ ಸೇರಿಸ್ಬಹುದಂತೆ. ನಾಳೆ ಇವನ ಕೆಲಸ ಹೋದ್ರೂ ತಲೆಬಿಸಿ ಇಲ್ಲ."

ನನಗೆ ರೇಗಿತು. ಎದ್ದು ಬಾಲ್ಕನಿಗೆ ಹೋದೆ. ಸ್ವಲ್ಪ ಹೊತ್ತಿಗೆ ಹುಡುಗನೂ ಬಂದ, ತನ್ನ ತಾಯಿಯ ಮಾತಿಗೆ ನಾಚಿ ಕಿವಿ ಕೆಂಪಾಗಿತ್ತು. ಅವನೇ ಕೇಳಿದ. "ನಿಮ್ಮ ಮನೇಲೂ ಖಾಲಿ ಪೆಟ್ಟಿಗೆಗಳು ಉಂಟಾ?"

ನಾನು ಬೆಚ್ಚಿದೆ. "ಉಂಟು. ನಿಮ್ಮಲ್ಲಿ?"

"ಫ್ರಿಜ್ಜಿಂದೂ ಉಂಟು. ಮನೇಲಿ ನೆಂಟರು ತುಂಬಿದಾಗ ನಾನು ಅದರೊಳಗೆ ಕೂತೇ ಪರೀಕ್ಷೆಗೆ ಓದಿದ್ದು."

ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಳಗಿದ್ದ ಹಿರಿಯರು ಅದನ್ನು ನೋಡಿ ಮದುವೆ ನಿಶ್ಚಯವಾಯಿತು ಎಂದೇ ತಿಳಿದರು. ಮನೆಗೆ ಬರುವಾಗ ಅಮ್ಮ ಆಸೆಯಿಂದ ಕೇಳಿದಳು. "ಒಳ್ಳೆ ಹುಡುಗ ಅಲ್ವಾ? ಎಂತ ಹೇಳುವ ಅವರಿಗೆ?"

"ಹುಡುಗ ಒಳ್ಳೆಯವನೇ. ಆದ್ರೆ ಬೇಡಮ್ಮಾ" ಎಂದೆ. "ಎರಡು ಮನೆ ಪೆಟ್ಟಿಗೆ ಒಟ್ಟಿಗೆ ಇಡೋ ಅಷ್ಟು ದೊಡ್ಡ ಫ್ಲ್ಯಾಟ್ ಈ ದೇಶದಲ್ಲೇ ಇಲ್ಲ."

ಸಾಮಾನಿನ ತಪ್ಪು

ಅಪ್ಪನ ಕೊನೆಯ ದಿನವೂ ಬಂತು. ಕಂಪನಿಯವರು ಶಾಲು ಹೊದಿಸಿ, ಕೇಕು ಕತ್ತರಿಸಿ ಕಳಿಸಿದರು. ವೀಸಾ ರದ್ದಾಗುವ ದಿನ ಹತ್ತಿರವಾಯಿತು. ನನ್ನ ಫೋನಿನಲ್ಲಿ ಮಾತ್ರ ಅರ್ಜಿ ಇನ್ನೂ "ಪರಿಶೀಲನೆಯಲ್ಲಿದೆ". ಹಲ್ಲುಜ್ಜುವಾಗ, ಲಿಫ್ಟಿನಲ್ಲಿ, ರಸ್ತೆ ದಾಟುವಾಗ, ಎಲ್ಲೆಂದರಲ್ಲಿ ತೆಗೆದು ನೋಡುತ್ತಿದ್ದೆ. ಕಾಯಲಿಟ್ಟು ಒಲೆ ಹಚ್ಚಲು ಮರೆತ ಹಾಲಿನ ಹಾಗೆ ಅದು ಸುಮ್ಮನೆ ಕೂತಿತ್ತು.

ಒಂದು ಶನಿವಾರ ಅಪ್ಪ ಬನಿಯನ್ ಹಾಕಿಕೊಂಡು, ಏಣಿ ಹತ್ತಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಕೊನೆಗೂ ಅವುಗಳ ದಿನ ಬಂದಿತ್ತು. ಧೂಳಿಗೆ ಮೂವರೂ ಸೀನಿದೆವು. ಅಪ್ಪನ ಮುಖದಲ್ಲಿ ಮಾತ್ರ 'ನೋಡಿದಿರಾ, ನಾನು ಹೇಳಿದ್ದೆ' ಎಂಬ ಕಳೆ.

ಮಿಕ್ಸಿಯನ್ನು ಮಿಕ್ಸಿಯ ಪೆಟ್ಟಿಗೆಗೆ ಇಳಿಸಿದರು. ಕುತ್ತಿಗೆ ಹೊರಗೆ ಉಳಿಯಿತು. ಅದು ಹಳೆಯ ಮಿಕ್ಸಿಯ ಪೆಟ್ಟಿಗೆ, ಈಗಿರುವುದು ಅದರ ಮೊಮ್ಮಗಳು. ಈಗಿನ ಸಾಮಾನೆಲ್ಲ ಊರಿಗೆ ಹೊರಟವರಿಂದ ಕೊಂಡದ್ದು, ಪೆಟ್ಟಿಗೆಯಿಲ್ಲದೆ ಬಂದದ್ದು. ಈಗಿನ ಟಿವಿ ಹಳೆಯ ಟಿವಿಯ ಪೆಟ್ಟಿಗೆಯ ಎರಡರಷ್ಟು ಅಗಲ. ಫ್ಯಾನು ಹೋಗಲಿಲ್ಲ, ಕುಕ್ಕರು ಹೋಗಲಿಲ್ಲ. ಅಪ್ಪ ತಿರುಗಿಸಿದರು, ಓರೆ ಮಾಡಿದರು, ಒತ್ತಿದರು. ವರ್ಷಗಟ್ಟಲೆ ಕಾಪಾಡಿದ ಅಷ್ಟೂ ಪೆಟ್ಟಿಗೆಗಳಲ್ಲಿ ಮನೆಯ ಒಂದು ಸಾಮಾನೂ ಕೂರಲಿಲ್ಲ.

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಹೋಗುವುದು ಹೋಗುವುದು ಎಂದು ದಿನಾ ಕೇಳಿದ್ದೆನೇ ಹೊರತು ಟೇಪು ಕೈಯಲ್ಲಿ ಹಿಡಿದ ಅಪ್ಪನನ್ನು ಎಂದೂ ಕಂಡಿರಲಿಲ್ಲ. ಅಪ್ಪ ನೆಲದ ಮೇಲೆ ಕೂತು, ಸುತ್ತಲೂ ನೋಡಿ, ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು.

"ಪೆಟ್ಟಿಗೆ ಎಲ್ಲ ಸರಿಯೇ ಉಂಟು. ಸಾಮಾನೇ ತಪ್ಪು."

ಸ್ಪಾನ್ಸರ್

ಮರುವಾರ ನಾನು ಮೀನು ಮಾರ್ಕೆಟಿನಲ್ಲಿದ್ದಾಗ ಫೋನ್ ಟಿಣ್ ಎಂದಿತು. "ಕ್ಲೀನ್ ಮಾಡಿ ಹೇಗೆ ಕತ್ತರಿಸಲಿ?" ಎಂದು ಮೀನಿನವನು ಕೇಳಿದ. "ಹತ್ತು ವರ್ಷ!" ಎಂದು ಕಿರುಚಿದೆ. ಅವನು ಕತ್ತಿ ಎತ್ತಿದವನು ಹಾಗೆಯೇ ನಿಂತ. ಮೀನನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಈ ವೀಸಾದಲ್ಲಿ ತಂದೆ ತಾಯಿಯನ್ನೂ ನನ್ನ ಹೆಸರಿನಲ್ಲಿ ಇಲ್ಲಿ ಇರಿಸಿಕೊಳ್ಳಬಹುದಿತ್ತು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನೆಲದ ಮೇಲಿದ್ದ ಖಾಲಿ ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ಇವಳಿಗೊಂದು ಕೆಲಸ ಆಗುವವರೆಗೆ ಇರುವ" ಎಂದರು. "ಒಂದು ಎರಡು ವರ್ಷ. ಮತ್ತೆ ಊರಿಗೆ."

ಮರುದಿನ ಬೆಳಿಗ್ಗೆಯೇ ಅಪ್ಪ ಹಳೆಯ ಹುರುಪಿನಲ್ಲಿ ಬೀದಿಯಾಚೆಯ ಟೈಪಿಂಗ್ ಸೆಂಟರಿಗೆ ಹೋದರು. ನಮ್ಮ ಮನೆಯ ವೀಸಾ ಕೆಲಸವೆಲ್ಲ ಮಾಡಿಕೊಡುವ ಅಲ್ಲಿಯವರು ಕಾಸರಗೋಡಿನವರು, ಕನ್ನಡ ಚೆನ್ನಾಗಿ ಬರುತ್ತದೆ. "ಸ್ಪಾನ್ಸರ್ ಯಾರು?" ಎಂದು ಅವರು ಕೇಳಿದರಂತೆ. ಅಪ್ಪ ಅಭ್ಯಾಸಬಲದಿಂದ ಎದೆ ಮುಟ್ಟಿಕೊಂಡು "ನಾನೇ" ಎಂದರಂತೆ.

"ನೀವಲ್ಲ ಅಂಕಲ್, ನೀವು ಈಗ ಡಿಪೆಂಡೆಂಟ್. ಕೂತ್ಕೊಳ್ಳಿ. ಸ್ಪಾನ್ಸರನ್ನು ಕರೀರಿ."

ಅಪ್ಪ ಕುರ್ಚಿಯಲ್ಲಿ ಮೆಲ್ಲನೆ ಕೂತು, "ಸ್ಪಾನ್ಸರ್ ಇನ್ನೂ ಎದ್ದಿಲ್ಲ ಮಾರಾಯ್ರೆ" ಎಂದರಂತೆ.

ಸಂತೋಷಕ್ಕೆ ಅಮ್ಮ ಒಂದು ಹೊಸ ಓವನ್ ತರಿಸಿದಳು. ತಂದ ಹುಡುಗರು ಅದನ್ನು ಅಡುಗೆಮನೆಯಲ್ಲಿ ಇಟ್ಟು, ರಟ್ಟಿನ ಪೆಟ್ಟಿಗೆಯನ್ನು ಮಡಚಲು ಕೈ ಹಾಕಿದರು. ಅಮ್ಮ "ತಕೊಂಡು ಹೋಗಿ, ತಕೊಂಡು ಹೋಗಿ, ಖಲಾಸ್!" ಎಂದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಪ್ಪ ಪೆಟ್ಟಿಗೆಯ ವಿಷಯದಲ್ಲಿ ಹುಕುಂ ಮಾಡಲಿಲ್ಲ. ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು.

"ಸ್ಪಾನ್ಸರ್ ಮೇಡಂ, ಇಟ್ಟುಕೊಳ್ಬಹುದಾ?"

ಇಲ್ಲ ಎನ್ನಬೇಕೆಂದೇ ಇದ್ದೆ. ನಾನು ಬಡಿದಾಡಿದ್ದು ಈ ಪೆಟ್ಟಿಗೆಗಳಿಂದ ಪಾರಾಗಲೆಂದೇ ಅಲ್ಲವೇ? ಆದರೆ ಬಾಯಿಂದ ಬಂದದ್ದು ಬೇರೆ.

"ಇಡಿ ಅಪ್ಪಾ" ಎಂದೆ. "ಥರ್ಮಾಕೋಲ್ ಕೂಡ ಇರ್ಲಿ. ಹತ್ತೇ ವರ್ಷ ಅಲ್ವಾ?"